ಹುರುಳಿ ರಾಶಿ, ಮೂರು ಕಾರು, ಒಂದು ಟೇಪು

ಕಳೆದ ಸಂಕ್ರಾಂತಿಗೆ ಊರಿಗೆ ಹೋಗುವಾಗ ಕಾರನ್ನು ಕಲ್ಲಿಗೆ ಹತ್ತಿಸಿದೆ. ನಾಗಮಂಗಲ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಡಿಸೆಂಬರ್, ಜನವರಿ ಬಂತೆಂದರೆ ನಮ್ಮ ಕಡೆ ರಸ್ತೆಯೇ ಕಣ. ರಾಗಿ, ಹುರುಳಿ ಎಲ್ಲ ಟಾರಿನ ಮೇಲೆ ಹರಡುತ್ತಾರೆ, ಓಡಾಡುವ ಗಾಡಿಗಳೇ ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ಸಂಜೆಯಾದ ಮೇಲೆ ಅದನ್ನು ಒಂದು ಬದಿಗೆ ಗುಡ್ಡೆ ಮಾಡಿ, ಯಾರೂ ಹತ್ತಿಸದಿರಲಿ ಅಂತ ಸುತ್ತ ಕಲ್ಲು ಇಡುತ್ತಾರೆ. ತಪ್ಪು ಅಂತ ಎಲ್ಲರಿಗೂ ಗೊತ್ತು. ನಮ್ಮ ಮನೆಯವರೂ ಮಾಡಿದ್ದಾರೆ, ಹಾಗಾಗಿ ನಾನು ಜಾಸ್ತಿ ಮಾತಾಡುವ ಹಾಗಿಲ್ಲ.

ರಾತ್ರಿ ಒಂಬತ್ತೂವರೆ ಇರಬೇಕು. ಬೆಳ್ಳೂರು ಕ್ರಾಸ್ ದಾಟಿ, ಹೈವೇ ಬಿಟ್ಟು ಊರಿನ ರಸ್ತೆಗೆ ಇಳಿದಿದ್ದೆ. ಎದುರಿಂದ ಒಂದು ಗಾಡಿ ಬಂತು, ಹೈ ಬೀಮ್ ಹಾಕಿಕೊಂಡೇ ಬಂತು, ನಾನು ಎರಡು ಸಲ ಡಿಮ್ ಡಿಪ್ ಮಾಡಿದರೂ ಪುಣ್ಯಾತ್ಮ ಇಳಿಸಲಿಲ್ಲ. ಅದು ದಾಟಿದ ಮೇಲೆ ಕಣ್ಣಿಗೆ ಕತ್ತಲೆ ಬಿಟ್ಟು ಏನೂ ಉಳಿದಿರಲಿಲ್ಲ. ಕಣ್ಣು ತಿಳಿಯಾಗುವಷ್ಟರಲ್ಲಿ ಎಡಗಡೆ ಬೂದು ಬಣ್ಣದ ಗುಡ್ಡೆ, ಅದರ ಮುಂದೆ ದಿಂಡುಗಲ್ಲು. ಬ್ರೇಕ್ ಮೇಲೆ ಕಾಲಿಟ್ಟೆ, ಆದರೆ ಒತ್ತುವ ಮೊದಲೇ ಢಬ್ ಅಂತು. ಟೈರು ಹೋಯಿತು, ರಿಮ್ ಸೊಟ್ಟಗಾಯಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಕೇಳಿದಳು, ‘ಅಷ್ಟು ದುಡ್ಡು ಕೊಟ್ಟು ಹೊಸ ಲೈಟ್ ಹಾಕಿಸಿದ್ರಲ್ಲ, ಕಾಣ್ಲಿಲ್ವಾ?’

ನಿಜ, ಹಾಕಿಸಿದ್ದೆ. ನನ್ನದು 2012ರ ಸಣ್ಣ ಹ್ಯಾಚ್‌ಬ್ಯಾಕ್. ಅದರ ಹಳದಿ ಲೈಟು ಸಾಲದು ಅಂತ ಬೆಂಗಳೂರಿನ ಜೆ.ಸಿ. ರೋಡಿನ ಒಂದು ಅಂಗಡಿಯಲ್ಲಿ 3,500 ರೂಪಾಯಿ ಕೊಟ್ಟು ಎಲ್‌ಇಡಿ ಬಲ್ಬ್ ಹಾಕಿಸಿಕೊಂಡಿದ್ದೆ. ಬಾಕ್ಸ್ ಮೇಲೆ 20,000 ಲ್ಯೂಮೆನ್ ಅಂತ ದಪ್ಪಗೆ ಬರೆದಿತ್ತು. ಲ್ಯೂಮೆನ್ ಅಂದರೆ ಬಲ್ಬು ಎಷ್ಟು ಬೆಳಕು ಕೊಡುತ್ತದೆ ಅನ್ನುವ ಅಳತೆ. ಕಾರಿನ ಜೊತೆ ಬರುವ ಮಾಮೂಲಿ ಎಚ್4 ಹ್ಯಾಲೊಜೆನ್ ಬಲ್ಬ್ ಹೈ ಬೀಮಿನಲ್ಲಿ ಕೊಡುವುದು ಸುಮಾರು 1,650 ಲ್ಯೂಮೆನ್, ಲೋ ಬೀಮಿನಲ್ಲಿ, ಅಂದರೆ ಬೆಳಕು ಇಳಿಸಿಟ್ಟಾಗ, 1,000. ಅದರ ಮುಂದೆ 20,000 ಅಂದರೆ ಕ್ರಿಕೆಟ್ ಸ್ಟೇಡಿಯಮ್ಮೇ ಬಂತು ಅಂದುಕೊಂಡಿದ್ದೆ. ಅಂಗಡಿಯಲ್ಲಿ ಗೋಡೆಗೆ ಬಿಟ್ಟು ತೋರಿಸಿದಾಗ ಹಾಲಿನ ಹಾಗೆ ಬೆಳಕು. ಯಾರಾದರೂ ಮರುಳಾಗುತ್ತಾರೆ.

ಹಬ್ಬಕ್ಕೆ ಎಲ್ಲರೂ ಸೇರಿದ್ದೆವು. ಮನೆ ಮುಂದೆ ಮೂರು ಕಾರು. ನನ್ನದು, ಭಾವನ ಸೆಡಾನ್, ಚಿಕ್ಕಪ್ಪನ ಮಗ ಹೊಸದಾಗಿ ತೆಗೆದುಕೊಂಡ ಎಸ್‌ಯುವಿ. ಭಾವನದು ಪ್ರೊಜೆಕ್ಟರ್ ಲೈಟು, ಅಂದರೆ ಒಳಗೆ ಹ್ಯಾಲೊಜೆನ್ ಬಲ್ಬೇ, ಮುಂದೆ ಗೋಲಿಯಂಥ ಒಂದು ಲೆನ್ಸ್. ಎಸ್‌ಯುವಿಯದು ಕಂಪನಿಯಿಂದಲೇ ಬಂದ ಎಲ್‌ಇಡಿ. ಊಟ ಆದ ಮೇಲೆ ಯಾರದು ಒಳ್ಳೆಯದು ಅಂತ ವಾದ ಶುರುವಾಯಿತು. ಭಾವ ನನ್ನ ಕಾರು ನೋಡಿ, ‘ನಿನ್ನ ಲೈಟು ಮರದ ಮೇಲಿನ ಕಾಗೆ ಎಬ್ಬಿಸೋಕೆ ಸರಿ’ ಅಂದರು. ಸುಮ್ನೆ ಮಾತಿನಲ್ಲಿ ಯಾಕೆ, ಅಳೆದೇ ನೋಡೋಣ ಅಂತ ಜಮೀನು ಅಳೆಯುವ ಟೇಪು ತೆಗೆದುಕೊಂಡು ಕೆರೆ ಪಕ್ಕದ ನೇರ ರಸ್ತೆಗೆ ಹೋದೆವು. ಅಲ್ಲಿ ಬೀದಿ ದೀಪ ಇಲ್ಲ, ರಾತ್ರಿ ಗಾಡಿಯೂ ಕಡಿಮೆ.

ವಿಧಾನ ತುಂಬಾ ಸರಳ. ಕಾರು ನಿಲ್ಲಿಸಿ ಲೋ ಬೀಮ್ ಹಾಕುವುದು. ಚಿಕ್ಕಪ್ಪ ಕರಿ ಕಂಬಳಿ ಹೊದ್ದು ದೂರದಿಂದ ರಸ್ತೆಯ ಎಡ ಅಂಚಿನಲ್ಲಿ ನಡೆದು ಬರುವುದು. ಸೀಟಿನಲ್ಲಿ ಕೂತವನಿಗೆ ಅವರು ಕಂಡ ತಕ್ಷಣ ಹಾರ್ನ್, ಹಾರ್ನ್ ಕೇಳಿದಲ್ಲೇ ಅವರು ನಿಲ್ಲಬೇಕು. ಆಮೇಲೆ ಟೇಪು. ‘ಏನ್ಲಾ, ನಾನೇನು ಬೆದರು ಬೊಂಬೇನಾ?’ ಅಂತ ಚಿಕ್ಕಪ್ಪ ಗೊಣಗಿದರು, ಆದರೂ ಬಂದರು. ಅವರಿಗೂ ಮಗನ ಕಾರು ಗೆಲ್ಲಲಿ ಅಂತ ಆಸೆ.

ಮೊದಲು ನನ್ನ 20,000 ಲ್ಯೂಮೆನ್. ಬಾನೆಟ್ ಮುಂದೆ ಹಬ್ಬದ ಬೆಳಕು, ರಸ್ತೆಯ ಮೇಲಿನ ಒಂದೊಂದು ಜಲ್ಲಿಯೂ ಎಣಿಸಬಹುದು, ಪಕ್ಕದ ಹೊಂಗೆ ಮರದ ಕೊಂಬೆ ಪೂರ್ತಿ ಬೆಳ್ಳಗಿದೆ. ಚಿಕ್ಕಪ್ಪ ಮಾತ್ರ ಇಲ್ಲ. ಅವರ ಚಪ್ಪಲಿ ಸದ್ದು ಕೇಳಿಸಿತು, ಆಮೇಲೆ ಬೀಡಿಯ ಕೆಂಪು ಚುಕ್ಕಿ ಕಂಡಿತು, ಕೊನೆಗೆ ಮನುಷ್ಯ ಕಂಡರು. 33 ಮೀಟರ್. ಡ್ಯಾಶ್‌ಬೋರ್ಡಿನಲ್ಲಿ ಎತ್ತಿಟ್ಟಿದ್ದ ಹಳೆಯ ಹ್ಯಾಲೊಜೆನ್ ಬಲ್ಬನ್ನೇ ಅಲ್ಲೇ ವಾಪಸ್ ಹಾಕಿ ನೋಡಿದೆ. ಬೆಳಕು ಮಂಕು, ಹಳೇ ಮನೆಯ ಗುಂಡು ಬಲ್ಬಿನ ಹಾಗೆ. ಆದರೆ ಚಿಕ್ಕಪ್ಪ 41 ಮೀಟರಿನಲ್ಲಿ ಸಿಕ್ಕಿದರು! ಭಾವನ ಪ್ರೊಜೆಕ್ಟರಿಗೆ 52. ಎಸ್‌ಯುವಿಗೆ 64. ಬೀಡಿ ಆರಿಸಿ ಬನ್ನಿ ಅಂತ ಎರಡನೇ ಸುತ್ತಿನಿಂದ ಹೇಳಿದ್ದೆವು, ಇಲ್ಲದಿದ್ದರೆ ಅದೂ ಲೆಕ್ಕ ತಪ್ಪಿಸುತ್ತಿತ್ತು. ಅಂದಹಾಗೆ ನಮಗೆ ಚಿಕ್ಕಪ್ಪ ಬರುತ್ತಾರೆ ಅಂತ ಮೊದಲೇ ಗೊತ್ತಿತ್ತು, ಕಣ್ಣು ಅವರನ್ನೇ ಹುಡುಕುತ್ತಿತ್ತು. ಗೊತ್ತಿಲ್ಲದೆ ಓಡಿಸುವವನಿಗೆ ಇನ್ನೂ ಹತ್ತಿರ ಬಂದ ಮೇಲೆಯೇ ಕಾಣುವುದು.

ಈ 33ಕ್ಕೆ ಒಂದು ಲೆಕ್ಕ ಇದೆ. 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಂಡಿದ್ದು ಏನು ಅಂತ ತಲೆಗೆ ಹೋಗಿ ಕಾಲು ಬ್ರೇಕಿಗೆ ಬರಲು ಒಂದೂವರೆ ಸೆಕೆಂಡ್ ಹಿಡಿಯಿರಿ. 33 ಮೀಟರ್ ಅಲ್ಲಿಗೇ ಮುಗಿಯಿತು. ಒಣ ರಸ್ತೆಯಲ್ಲಿ ಗಾಡಿ ನಿಲ್ಲಲು ಇನ್ನೂ 35 ಮೀಟರ್ ಬೇಕು. ಅಂದರೆ ನನ್ನ ಆ ಬಲ್ಬಿನಲ್ಲಿ 80ರಲ್ಲಿ ಹೋದರೆ ಬ್ರೇಕ್ ಒತ್ತುವ ಹೊತ್ತಿಗೆ ಕಲ್ಲು ಟೈರಿನ ಕೆಳಗೇ. ಆವತ್ತು ಆಗಿದ್ದೂ ಅದೇ. 60ರಲ್ಲಿ ಹೋದರೆ ಒಟ್ಟು 45 ಮೀಟರ್ ಸಾಕು, ಆದರೆ ಹಳೆಯ ಹ್ಯಾಲೊಜೆನ್ನಿನ 41 ಅದಕ್ಕೂ ಸಾಲದು.

ಹಾಲಿನಂಥ ಬೆಳಕು ಯಾಕೆ ಸೋತಿತು? ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ಒಮ್ಮೆ ನೋಡಿ, ಗಾಜಿಗೆ ಬೆರಳು ಮುಟ್ಟಿಸಬೇಡಿ ಅಷ್ಟೇ. ಎಣ್ಣೆ ಕೈ ತಾಗಿದ ಜಾಗ ಜಾಸ್ತಿ ಕಾದು ಬಲ್ಬು ಬೇಗ ಹೋಗುತ್ತದೆ. ಒಳಗೆ ಎರಡು ತಂತಿ ಸುರುಳಿ ಇವೆ. ಲೋ ಬೀಮಿನ ಸುರುಳಿಯ ಕೆಳಗೆ ಪುಟ್ಟ ಸೌಟಿನಂಥ ಒಂದು ತಗಡು ಇದೆ. ಬೆಳಕು ಕೆಳಗೆ ಹೋಗದಂತೆ ಅದು ತಡೆಯುತ್ತದೆ, ಹಾಗಾಗಿ ಬೆಳಕು ಡೂಮಿನ, ಅಂದರೆ ಬಲ್ಬು ಕೂರುವ ಹೆಡ್‌ಲೈಟ್ ಗೂಡಿನ, ಮೇಲಿನ ಅರ್ಧಕ್ಕೆ ಮಾತ್ರ ಬಡಿದು ರಸ್ತೆಗೆ ಇಳಿಯುತ್ತದೆ. ಡೂಮಿನ ಒಳಗಿನ ಕನ್ನಡಿಯ ಒಂದೊಂದು ಮಡಿಕೆಯೂ ಆ ಸಣ್ಣ ಸುರುಳಿ ಅಲ್ಲೇ ಇರುತ್ತದೆ ಅಂತ ಲೆಕ್ಕ ಹಾಕಿ ಮಾಡಿದ್ದು. ಎಲ್‌ಇಡಿ ಬಲ್ಬಿನಲ್ಲಿ ಒಂದು ಪಟ್ಟಿಯ ಎರಡು ಬದಿಗೆ ಬೆಳಕು ಕೊಡುವ ಎಲ್‌ಇಡಿ ಚಿಪ್ ಅಂಟಿಸಿರುತ್ತಾರೆ. ಬೆಳಕು ಹುಟ್ಟುವ ಜಾಗ ಒಂದೆರಡು ಮಿಲಿಮೀಟರ್ ಆಚೀಚೆಯಾದರೆ ಸಾಕು, ರಸ್ತೆಯ ಮೇಲೆ ಬೀಳಬೇಕಾದ್ದು ಸ್ವಲ್ಪ ಮರಕ್ಕೆ, ಸ್ವಲ್ಪ ಎದುರಿನವನ ಕಣ್ಣಿಗೆ, ಮಿಕ್ಕಿದ್ದು ನಮ್ಮ ಬಾನೆಟ್ ಮುಂದೆ. ಬಾನೆಟ್ ಮುಂದೆ ಬೀಳುವ ಬೆಳಕಿನದೇ ದೊಡ್ಡ ಮೋಸ. ಹತ್ತಿರ ಅಷ್ಟು ಬೆಳ್ಳಗಿದ್ದರೆ ಕಣ್ಣಿನ ಪಾಪೆ ಕುಗ್ಗುತ್ತದೆ, ದೂರದ ಕತ್ತಲೆ ಇನ್ನೂ ಕಪ್ಪಾಗುತ್ತದೆ. ಚೆನ್ನಾಗಿ ಕಾಣ್ತಿದೆ ಅಂತ ನಾವು ವೇಗ ಬೇರೆ ಜಾಸ್ತಿ ಮಾಡುತ್ತೇವೆ.

ಹಾಗಂತ ಎಲ್‌ಇಡಿಯೇ ಕೆಟ್ಟದ್ದು ಅಂತಲ್ಲ. ತಮ್ಮನ ಎಸ್‌ಯುವಿಯಲ್ಲಿ ಲೈಟೂ ಡೂಮೂ ಒಂದಕ್ಕೊಂದು ಹೊಂದಿಸಿಯೇ ಮಾಡಿದ್ದು, ಅದು ಆವತ್ತು ನಿಜವಾಗಿಯೂ ಗೆದ್ದಿತು. ಅಗಲವಾಗಿ ಹರಡುತ್ತದೆ, ರಸ್ತೆ ಪಕ್ಕದ ಚರಂಡಿ ಕಾಣುತ್ತದೆ, ತಿರುವಿನಲ್ಲಿ ಒಳ ಅಂಚು ಕಾಣುತ್ತದೆ. ನನಗೆ ಸರಿಬರದ್ದು ಒಂದೇ. ಅದರ ಬೆಳಕು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತದೆ, ಗೆರೆಯ ಆಚೆ ಗವಿ. ಏರು ಇಳುಕಲು ಇರುವ ರಸ್ತೆಯಲ್ಲಿ ಆ ಗೆರೆ ಮೇಲೆ ಕೆಳಗೆ ಕುಣಿಯುವುದನ್ನು ನೋಡಿ ನೋಡಿ ತಲೆ ನೋವು ಬರುತ್ತದೆ. ಹಂಪು ಹತ್ತಿದಾಗೆಲ್ಲ ಎದುರಿನವರು ಇವನು ಹೈ ಬೀಮ್ ಹೊಡೆದ ಅಂದುಕೊಂಡು ವಾಪಸ್ ಹೊಡೆಯುತ್ತಾರೆ. ಇನ್ನೊಂದು, ನನ್ನ ಬಲ್ಬ್ ಹೋದರೆ ಮುನ್ನೂರು ರೂಪಾಯಿ, ಅವನದು ಕೆಟ್ಟರೆ ಪೂರ್ತಿ ಡೂಮನ್ನೇ ಬದಲಾಯಿಸಬೇಕು, ಆ ಬಿಲ್ಲನ್ನು ನೆನೆಸಿಕೊಳ್ಳಲಿಕ್ಕೇ ಧೈರ್ಯ ಬೇಕು. ಭಾವನ ಪ್ರೊಜೆಕ್ಟರ್ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಅಚ್ಚುಕಟ್ಟು, ಯಾರ ಕಣ್ಣಿಗೂ ಹೊಡೆಯುವುದಿಲ್ಲ, ಅಗಲ ಸ್ವಲ್ಪ ಕಡಿಮೆ.

ದುಡ್ಡು ಜಾಸ್ತಿ ಕೊಟ್ಟರೆ ಲೈಟೂ ಒಳ್ಳೆಯದು ಬರುತ್ತದೆ ಅನ್ನುವುದೂ ಸುಳ್ಳೇ. ಅಮೆರಿಕದಲ್ಲಿ ಐಐಎಚ್‌ಎಸ್ ಅಂತ ಇನ್ಶೂರೆನ್ಸ್ ಕಂಪನಿಗಳು ಸೇರಿ ನಡೆಸುವ ಒಂದು ಸಂಸ್ಥೆ ಇದೆ. ಅವರು 2016ರಲ್ಲಿ ಮೊದಲ ಸಲ ಹೆಡ್‌ಲೈಟುಗಳಿಗೆ ಅಂಕ ಕೊಟ್ಟಾಗ 31 ಮಧ್ಯಮ ಗಾತ್ರದ ಕಾರುಗಳಲ್ಲಿ ಒಂದೇ ಒಂದಕ್ಕೆ ‘ಗುಡ್’ ಸಿಕ್ಕಿತು, ಟೊಯೋಟಾ ಪ್ರಿಯಸ್ ವಿ. ಅದೂ ಎಲ್‌ಇಡಿ ಇರುವ ಮಾಡೆಲ್ಲಿಗೆ ಮಾತ್ರ, ಅದೇ ಕಾರಿನ ಹ್ಯಾಲೊಜೆನ್ ಮಾಡೆಲ್ಲು ಫೇಲು. ಹೆಸರು ಕೇಳಿದರೆ ಬೆವರುವಂಥ ಜರ್ಮನ್ ಕಾರುಗಳೂ ಆ ಪಟ್ಟಿಯ ಕೆಳಗಿದ್ದವು. ನಮ್ಮಲ್ಲಿ 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಕಾರು ಗುದ್ದಿದರೆ ಒಳಗಿನವರಿಗೆ ಏನಾಗುತ್ತದೆ ಅಂತ ನೋಡಿ ಸ್ಟಾರ್ ಕೊಡುತ್ತದೆ. ಗುದ್ದುವ ಮೊದಲು ಕಾಣುತ್ತದೋ ಇಲ್ಲವೋ ಅನ್ನುವುದಕ್ಕೆ ಸ್ಟಾರ್ ಇಲ್ಲ. ಹಾಗಾಗಿ ನಾವೇ ಟೇಪು ಹಿಡಿಯಬೇಕು.

ನನ್ನ ಕಾರಿನ ಕಥೆಗೆ ಬರುತ್ತೇನೆ. ಎಲ್‌ಇಡಿ ಬಲ್ಬ್ ಅಟ್ಟ ಸೇರಿತು. ಹೇಗೂ ಅದು ಕಾನೂನಿಗೂ ವಿರುದ್ಧ. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಲೈಟು ಹಾಕಿಸಿಕೊಂಡವರ ಮೇಲೆ ಕೇಸು ಹಾಕಲು ಶುರು ಮಾಡಿದ್ದರು, ಮೊದಲ ಸಲಕ್ಕೆ 500 ರೂಪಾಯಿ ದಂಡ. ನಾನು ಸಿಕ್ಕಿಬಿದ್ದಿರಲಿಲ್ಲ, ಅಷ್ಟೇ. ಮಂಡ್ಯದಲ್ಲಿ ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. 100/90 ವ್ಯಾಟಿನ, ಅಂದರೆ ಹೈ ಬೀಮಿಗೆ 100, ಲೋ ಬೀಮಿಗೆ 90 ವ್ಯಾಟಿನ ಬಲ್ಬ್ ಹಾಕೋಣವಾ ಅಂತ ಕೇಳಿದೆ. ಅವರು ಏನೂ ಹೇಳದೆ ಒಂದು ಡಬ್ಬಿಯಿಂದ ಸುಟ್ಟು ಕರಕಲಾದ ಹೋಲ್ಡರ್ ತೆಗೆದು ನನ್ನ ಕೈಗೆ ಕೊಟ್ಟರು. ಪ್ಲಾಸ್ಟಿಕ್ಕು ಕರಗಿ ಬೆಲ್ಲದ ಪಾಕದ ಹಾಗೆ ಇಳಿದಿತ್ತು. ಕಂಪನಿ ವೈರು 60/55ಕ್ಕೆ ಅಂತ ಹಾಕಿದ್ದು, ಅದಕ್ಕೆ ನೂರು ತುರುಕಿದರೆ ಹೀಗೇ.

ಆಮೇಲೆ ಮೀಟರ್ ಇಟ್ಟರು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್. ಬಲ್ಬಿನ ಹತ್ತಿರ ಬರುವಷ್ಟರಲ್ಲಿ 12.1. ಹದಿಮೂರು ವರ್ಷದ ವೈರು, ತುಕ್ಕು ಹಿಡಿದ ಅರ್ಥಿಂಗು, ಲೈಟಿನ ಕರೆಂಟೆಲ್ಲ ಸ್ಟೀರಿಂಗ್ ಪಕ್ಕದ ಸ್ವಿಚ್ಚಿನ ಮೂಲಕವೇ ಸುತ್ತಿ ಬರುತ್ತದೆ. ವೋಲ್ಟೇಜು ಒಂದು ಪಾಲು ಇಳಿದರೆ ಹ್ಯಾಲೊಜೆನ್ ಬೆಳಕು ಮೂರು ಪಾಲು ಇಳಿಯುತ್ತದೆ, ಶೇಕಡ 10 ವೋಲ್ಟೇಜು ಹೋದರೆ ಬೆಳಕಿನಲ್ಲಿ ಸುಮಾರು 30 ಹೋಯಿತು ಅಂತ ಲೆಕ್ಕ. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದು ಮಧ್ಯೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು, ಹಾಕಿದರು. ಈಗ ಬಲ್ಬಿನಲ್ಲಿ 13.5. ಇಷ್ಟು ವರ್ಷ ನಾನು ಮುಕ್ಕಾಲು ಹೊಟ್ಟೆಗೂ ಊಟ ಹಾಕದೆ ಬಲ್ಬನ್ನು ಬೈಯುತ್ತಿದ್ದೆ!

ಡೂಮಿನ ಮುಂದಿನ ಪ್ಲಾಸ್ಟಿಕ್ಕು ಬಿಸಿಲಿಗೆ ಹಳದಿಯಾಗಿ, ಪೊರೆ ಬಂದ ಕಣ್ಣಿನ ಹಾಗೆ ಆಗಿತ್ತು. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೊಳೆಯುತ್ತದೆ ಅಂತಾರಲ್ಲ, ಹೊಳೆಯುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ. ಸರಿಯಾದ ಕ್ರಮ ಅಂದರೆ ನೀರು ಹಾಕಿಕೊಂಡು 1000, ಆಮೇಲೆ 2000 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ಪಾಲಿಶ್ ಮಾಡಿ, ಮೇಲೆ ಬಿಸಿಲು ತಡೆಯುವ ಕೋಟಿಂಗ್ ಹಾಕುವುದು. ಕೋಟಿಂಗ್ ಬಿಟ್ಟರೆ ಉಜ್ಜಿದ್ದೆಲ್ಲ ದಂಡ.

ಕೊನೆಗೆ ಫೋಕಸ್. ಇದಕ್ಕೆ ದುಡ್ಡೇ ಬೇಡ, ಆದರೂ ಯಾರೂ ಮಾಡುವುದಿಲ್ಲ. ಶಿವರಾತ್ರಿಗೆ ಊರಿಗೆ ಹೋದಾಗ ಶಾಲೆಯ ಗೋಡೆ ಮುಂದೆ, ಸಮ ನೆಲದಲ್ಲಿ, 7.5 ಮೀಟರ್ ದೂರಕ್ಕೆ ಕಾರು ನಿಲ್ಲಿಸಿದೆ. ನನ್ನ ಲೈಟು ನೆಲದಿಂದ 66 ಸೆಂಟಿಮೀಟರ್ ಎತ್ತರ. ಬೆಳಕಿನ ಮೇಲಿನ ಗೆರೆ ಗೋಡೆಯ ಮೇಲೆ ಅದಕ್ಕಿಂತ ಏಳೂವರೆ ಸೆಂಟಿಮೀಟರ್ ಕೆಳಗಿರಬೇಕು, ಅಂದರೆ ನೂರಕ್ಕೆ ಒಂದರಷ್ಟು ಇಳಿಜಾರು. ಹಾಗಿಟ್ಟರೆ ಆ ಗೆರೆ ರಸ್ತೆಗೆ ಮುಟ್ಟುವುದು 66 ಮೀಟರ್ ಆಚೆ. ನೂರಕ್ಕೆ ಎರಡು ಇಟ್ಟರೆ 33 ಮೀಟರಿಗೇ ಮುಗಿಯಿತು. ಗೋಡೆಯ ಮೇಲೆ ಹದಿನೈದು ಸೆಂಟಿಮೀಟರ್ ಇದ್ದದ್ದು ಏಳೂವರೆಯಾದರೆ ರಸ್ತೆಯಲ್ಲಿ ಇಷ್ಟು ವ್ಯತ್ಯಾಸ. ಡೂಮಿನ ಹಿಂದೆ ಒಂದು ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿದರಾಯಿತು. ಗೋಡೆಯಲ್ಲಿ ಎಡಗಡೆ ಬೆಳಕು ಸ್ವಲ್ಪ ಮೇಲೇರಿದ್ದು ಕಂಡರೆ ಗಾಬರಿಯಾಗಬೇಡಿ, ಅದು ಹಾಗೇ ಇರಬೇಕು. ನಾವು ಎಡಗಡೆ ಓಡಿಸುವವರು, ನಮ್ಮ ಅಂಚು ದೂರದವರೆಗೂ ಕಾಣಲಿ, ಬಲಗಡೆ ಬರುವವನ ಕಣ್ಣಿಗೆ ಹೊಡೆಯದಿರಲಿ ಅಂತ. ಬಲಗಡೆ ಏರಿದ್ದರೆ ಅದು ಬೇರೆ ದೇಶಕ್ಕೆ ಅಂತ ಮಾಡಿದ ಡೂಮು, ವಾಪಸ್ ಕೊಡಿ.

ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಅಂತ ಬರೆದ ಒಂದು ಸಣ್ಣ ಚಕ್ರ ಇರುತ್ತದಲ್ಲ, ಅದು ಯಾಕೆ ಅಂತ ಗೊತ್ತಾಗಿದ್ದೂ ಆಗಲೇ. ಊರಿಂದ ವಾಪಸ್ ಬರುವಾಗ ಅಮ್ಮ ಡಿಕ್ಕಿಗೆ ಅರವತ್ತು ತೆಂಗಿನಕಾಯಿ, ಒಂದು ಮೂಟೆ ಅಕ್ಕಿ ಹೇರುತ್ತಾಳೆ. ಹಿಂದೆ ಕುಗ್ಗಿದರೆ ಮುಂದಿನ ಲೈಟು ಆಕಾಶ ನೋಡುತ್ತದೆ. ಅಷ್ಟು ಹೇರಿದಾಗ ಚಕ್ರವನ್ನು 2ಕ್ಕೋ 3ಕ್ಕೋ ತಿರುಗಿಸಬೇಕು. ಇಷ್ಟು ವರ್ಷ ಅದು 0ಯಲ್ಲೇ ಇತ್ತು.

ಎರಡನೇ ಸಲ ಚಿಕ್ಕಪ್ಪ ಬರಲಿಲ್ಲ. ಸೈಕಲ್ಲಿಗೆ ಕಂಬಳಿ ಹೊದಿಸಿ ತಮ್ಮನ ಕೈಲಿ ತಳ್ಳಿಸಿದೆ. 58 ಮೀಟರ್. ಅದೇ ಕಾರು, ಅದೇ ಹಳದಿ ಬೆಳಕು. ರಿಲೇ, ಹೊಸ ಬಲ್ಬು, ಕೂಲಿ, ಡೂಮ್ ಪಾಲಿಶ್ ಎಲ್ಲ ಸೇರಿ ಆ ಎಲ್‌ಇಡಿಗೆ ಕೊಟ್ಟದ್ದಕ್ಕಿಂತ ಕಡಿಮೆಯೇ ಆಗಿತ್ತು. ಎಸ್‌ಯುವಿಗಿಂತ ಆರೇ ಮೀಟರ್ ಹಿಂದೆ. ತಮ್ಮ ‘ಸೈಕಲ್ಲು ಬೇರೆ, ಅಪ್ಪ ಬೇರೆ, ಲೆಕ್ಕಕ್ಕೆ ಬರಲ್ಲ’ ಅಂದ. ಇರಲಿ ಬಿಡಿ. ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿನಲ್ಲಿ ಬೆರಳಗಲ ರೇಡಿಯಂ ಸ್ಟಿಕರ್ ಇತ್ತು, ಸೈಕಲ್ ತಿರುಗಿಸಿದಾಗ ಅದು ಎಲ್ಲ ಲೈಟಿಗೂ ನೂರು ಮೀಟರಿನಾಚೆಯಿಂದಲೇ ಹೊಳೆಯಿತು. ಮಂಡ್ಯದ ಕಡೆ ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳಿಗೆ ಒಂದು ರೋಲ್ ರೇಡಿಯಂ ಟೇಪ್ ಅಂಟಿಸಿದರೆ ಸಾಕು, ನಮ್ಮ ಅರ್ಧ ಹೆಡ್‌ಲೈಟ್ ಚಿಂತೆ ಹೋಗುತ್ತದೆ.

ಇದೆಲ್ಲ ಒಣ ರಸ್ತೆಯ ಮಾತು. ಮಳೆಯಲ್ಲಿ ಆಟವೇ ಬೇರೆ. ಜುಲೈನಲ್ಲಿ ಮಂಗಳೂರಿಗೆ ಹೋಗಬೇಕಾಯಿತು, ಸಕಲೇಶಪುರ ದಾಟುವಾಗಲೇ ಕತ್ತಲಾಗಿತ್ತು, ಶಿರಾಡಿಯಲ್ಲಿ ಧೋ ಅಂತ ಮಳೆ. ಒದ್ದೆ ಟಾರು ಕನ್ನಡಿಯ ಹಾಗೆ, ನಾವು ಹಾಕಿದ ಬೆಳಕನ್ನು ಮುಂದಕ್ಕೇ ಜಾರಿಸಿಬಿಡುತ್ತದೆ, ನಮ್ಮ ಕಣ್ಣಿಗೆ ವಾಪಸ್ ಬರುವುದಿಲ್ಲ. ಎಷ್ಟು ಒಳ್ಳೆಯ ಲೈಟಾದರೂ ರಸ್ತೆ ನುಂಗಿದ ಹಾಗೆ. ಎದುರಿನ ಲಾರಿಯ ಬೆಳಕು ಮಾತ್ರ ನೀರಿನ ಮೇಲೆ ಜಾರಿ ನೇರ ಕಣ್ಣಿಗೆ. ಅಲ್ಲಿ ಕೈ ಹಿಡಿದದ್ದು ರಸ್ತೆಯಲ್ಲಿ ಹುಗಿದ ರಿಫ್ಲೆಕ್ಟರುಗಳು, ಆಮೇಲೆ ಶುದ್ಧವಾದ ಗಾಜು. ವಿಂಡ್‌ಶೀಲ್ಡನ್ನು ಹೊರಗೆ ದಿನಾ ಒರೆಸುತ್ತೇವೆ, ಒಳಗೆ ಒರೆಸುವುದೇ ಇಲ್ಲ. ಒಳಗಿನ ಆ ಜಿಡ್ಡಿನ ಪದರದ ಮೇಲೆ ಎದುರಿನ ಲೈಟು ಬಿದ್ದರೆ ಗಾಜೆಲ್ಲ ಹಾಲು. ಹಳೇ ಪೇಪರು ಒದ್ದೆ ಮಾಡಿ ಒರೆಸಿದರೆ ಐದು ನಿಮಿಷದ ಕೆಲಸ.

ಚಾರ್ಮಾಡಿಯ ಮಂಜಿನಲ್ಲಿ ಹೈ ಬೀಮ್ ಹಾಕಿದವರಿಗೆ ಗೊತ್ತಿರುತ್ತದೆ, ಮುಂದೆ ಬಿಳಿ ಪರದೆ ಕಟ್ಟಿದ ಹಾಗೆ. ಅಲ್ಲಿ ಲೋ ಬೀಮು, ಫಾಗ್ ಲ್ಯಾಂಪು, ಮೆಲ್ಲಗೆ ಅಷ್ಟೇ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಅಂತ ತುಂಬಾ ಜನ ನಂಬುತ್ತಾರೆ. ಮಂಜಿನ ಹನಿ ದಪ್ಪ, ಅದು ಹಳದಿ, ಬಿಳಿ ಅಂತ ನೋಡದೆ ಎಲ್ಲವನ್ನೂ ಚದುರಿಸುತ್ತದೆ. ಆದರೆ ನೀಲಿ ಬೆರೆತ ಬಿಳುಪು ಕಣ್ಣಿಗೆ ಜಾಸ್ತಿ ಚುಚ್ಚುತ್ತದೆ, ಹಳದಿಯಲ್ಲಿ ಕಣ್ಣಿಗೆ ಹಾಯ್ ಅನಿಸುವುದು ಅದಕ್ಕೆ. ಫ್ರಾನ್ಸಿನಲ್ಲಿ 1993ರವರೆಗೂ ಕಾರುಗಳಿಗೆ ಹಳದಿ ಹೆಡ್‌ಲೈಟೇ ಕಡ್ಡಾಯವಾಗಿತ್ತು. ನನ್ನ ಅಪ್ಪನಿಗೆ ಈಗ ಎಪ್ಪತ್ತು, ಎದುರಿನ ಬಿಳಿ ಲೈಟು ದಾಟಿದ ಮೇಲೆ ಅವರ ಕಣ್ಣು ತಿಳಿಯಾಗಲು ನನಗಿಂತ ಎಷ್ಟೋ ಹೊತ್ತು ಬೇಕು. ಅವರನ್ನು ತುಮಕೂರು–ಚಿತ್ರದುರ್ಗ ಹೈವೇಯಲ್ಲಿ ಕರೆದುಕೊಂಡು ಹೋದಾಗ ಮಧ್ಯದ ಕಣಗಿಲೆ ಗಿಡಗಳನ್ನು ನೋಡಿ, ‘ಚಂದಕ್ಕೆ ಹಾಕಿದ್ದಾರೆ’ ಅಂದರು. ಚಂದಕ್ಕಲ್ಲ ಅಪ್ಪ, ಆಚೆ ಕಡೆಯವರ ಲೈಟು ಈಚೆ ಬೀಳದಿರಲಿ ಅಂತ, ಅಂದೆ. ‘ಹಾಗಾದ್ರೆ ನಮ್ಮೂರ ರಸ್ತೆಗೂ ಹಾಕ್ಬೇಕಿತ್ತು’ ಅಂದರು. ನಮ್ಮೂರ ರಸ್ತೆಯ ಅಗಲವೇ ಒಂದು ಕಾರು, ಒಂದು ಎತ್ತಿನ ಗಾಡಿ.

ಈಗ ಹೊಸ ಕಾರು ನೋಡುತ್ತಿದ್ದೇನೆ. ಹೋದ ವಾರ ಒಂದು ಶೋರೂಮಿಗೆ ಹೋಗಿ ಟೆಸ್ಟ್ ಡ್ರೈವ್ ಬೇಕು, ಆದರೆ ರಾತ್ರಿ ಬೇಕು ಅಂದೆ. ಅಲ್ಲಿನ ಹುಡುಗ ಸನ್‌ರೂಫ್ ತೋರಿಸಲು ಹೊರಟಿದ್ದವನು ಅಲ್ಲೇ ನಿಂತ. ‘ರಾತ್ರಿ ಗಾಡಿ ಏನು ಕಾಣ್ಸುತ್ತೆ ಸಾರ್?’ ಅಂತ ಕೇಳಿದ. ನಾನೂ ಅದನ್ನೇ ನೋಡಬೇಕು ಅಂದೆ. ಮ್ಯಾನೇಜರ್ ಹತ್ತಿರ ಹೋಗಿ ಏನೋ ಮಾತಾಡಿಕೊಂಡು ಬಂದು, ಗುರುವಾರ ಏಳೂವರೆಗೆ ಬನ್ನಿ ಅಂದಿದ್ದಾನೆ. ಟೇಪು ಕಾರಿನಲ್ಲೇ ಇದೆ, ಕಂಬಳಿ ಮಾತ್ರ ಊರಿಂದ ತರಿಸಬೇಕು.